ಚಿತ್ರದಲ್ಲಿ ಕಂಡ ಎಂಜಿನ್

ಬೂಕನಬೆಟ್ಟದ ರಾಸುಗಳ ಜಾತ್ರೆಯಲ್ಲಿ ಯಾರೂ ಚಿತ್ರ ನೋಡಿ ಎತ್ತು ಕೊಳ್ಳುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಸುಳಿ ಎಲ್ಲಿದೆ ಎಂದು ಹುಡುಕುತ್ತಾರೆ. ನಾಲ್ಕು ಹೆಜ್ಜೆ ನಡೆಸಿ ಕಾಲು ಎಳೆಯುತ್ತದೆಯೋ ಎಂದು ಪರೀಕ್ಷಿಸುತ್ತಾರೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದೆಲ್ಲ ಆಮೇಲಿನ ಮಾತು. ಇಂಥ ಚನ್ನರಾಯಪಟ್ಟಣ ಸೀಮೆಯ ಹುಡುಗರು ಈಗ ಹದಿನೆಂಟು, ಇಪ್ಪತ್ತು ಸಾವಿರ ರೂಪಾಯಿಯ ಹಳೆಯ ಮೋಟಾರ್ ಸೈಕಲ್ ಎಂಜಿನ್ನನ್ನು ಮೊಬೈಲಿನಲ್ಲಿ ಮೂರು ಫೋಟೊ ನೋಡಿ ಕೊಂಡುಬಿಡುತ್ತಾರೆ. ಅವರ ತಾತಂದಿರು ಕೇಳಿದ್ದರೆ ನಗುತ್ತಿದ್ದರೋ ಬೈಯುತ್ತಿದ್ದರೋ ತಿಳಿಯದು.

‘ಗಾಡಿ ಬಿಟ್ಟು ಬರೀ ಎಂಜಿನ್ ಯಾರಿಗಪ್ಪಾ ಬೇಕು?’ ಎಂದು ಕೇಳುವ ತಂದೆತಾಯಿಗಳಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನ ಗಾಡಿಗಳು ಬರುತ್ತಿದ್ದವು. ಒದ್ದು ಸ್ಟಾರ್ಟ್ ಮಾಡುವ ಕಿಕ್ಕರನ್ನೇ ಮುಂದಕ್ಕೆ ಮಡಿಚಿದರೆ ಗೇರ್ ಲಿವರ್ ಆಗುತ್ತಿದ್ದ ವಿಚಿತ್ರ ಗಾಡಿ ಅದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಕೂಡ ಅದೇ 1996ರಲ್ಲಿ ನಿಂತಿತು. ಜಾವಾ ಹೆಸರು 2018ರಲ್ಲೂ ಯೆಜ್ಡಿ ಹೆಸರು 2022ರಲ್ಲೂ ಮರಳಿ ಬಂದವಾದರೂ ಈ ಹೊಸ ಗಾಡಿಗಳದು ಫೋರ್ ಸ್ಟ್ರೋಕ್ ಎಂಜಿನ್; ಹಳೆಯದಕ್ಕೆ ಬದಲಿಯಾಗುವಂಥದಲ್ಲ. ಹೀಗಾಗಿ ಹಳೆಯ ಟೂ ಸ್ಟ್ರೋಕ್ ಎಂಜಿನ್ ಎಂದರೆ ಹುಡುಗರಿಗೆ ನಿಧಿ ಸಿಕ್ಕಿದ ಹಾಗೆ. ಇದರ ಜೊತೆಗೆ ಕಡೆಯ ವರ್ಷದ ಪ್ರಾಜೆಕ್ಟಿಗೆ ಗೋ-ಕಾರ್ಟ್ ಕಟ್ಟುವ ಎಂಜಿನಿಯರಿಂಗ್, ಡಿಪ್ಲೊಮಾ ವಿದ್ಯಾರ್ಥಿಗಳಿದ್ದಾರೆ. ನಾಲ್ಕೈದು ಜನ ಚಂದಾ ಹಾಕಿ ಒಂದು ಹಳೆಯ ಎಂಜಿನ್ ತರುತ್ತಾರೆ. ಆಸಕ್ತಿ ಮೆಚ್ಚುವಂಥದೇ. ತರುವ ದಾರಿಯ ಬಗ್ಗೆ ನನ್ನ ತಕರಾರು.

ನನ್ನ ಅಕ್ಕನ ಮಗ ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದಾನೆ. ಅವರ ಮನೆಯ ಕೊಬ್ಬರಿ ಅಟ್ಟದ ಕೆಳಗೆ ಅವನ ತಾತನ ಯೆಜ್ಡಿ ರೋಡ್‌ಕಿಂಗ್ ಎಷ್ಟೋ ವರ್ಷಗಳಿಂದ ನಿಂತಿದೆ. ಎಂಜಿನ್ ಸೀಜ್ ಆಗಿ ಕಿಕ್ಕರ್ ಅಲ್ಲಾಡುವುದೂ ಇಲ್ಲ. ಒಂದು ಭಾನುವಾರ ಹುಡುಗ ನನ್ನ ಬಳಿ ಬಂದು ಮೊಬೈಲ್ ಹಿಡಿದ. ‘ಮಾವ, ನೋಡಿ, ಹದಿನೆಂಟು ಸಾವಿರಕ್ಕೆ ಕೊಡ್ತಾರಂತೆ. ವಿಡಿಯೊದಲ್ಲಿ ಎಷ್ಟು ಚೆನ್ನಾಗಿ ಓಡ್ತಾ ಇದೆ ಕೇಳಿ. ನೀವೇ ಅಪ್ಪಂಗೆ ಒಂದು ಮಾತು ಹೇಳಿ.’

ಎಂಜಿನ್ನಿಗೆ ಬಣ್ಣ ಬಳಿದು ಫಳಫಳ ಹೊಳೆಯಿಸಿದ್ದರು. ಸದ್ದೂ ಚೆನ್ನಾಗಿಯೇ ಇತ್ತು. ಆದರೆ ಆ ಸದ್ದು ಅದೇ ಎಂಜಿನ್ನಿನದು ಎನ್ನುವುದಕ್ಕೆ ಏನು ಸಾಕ್ಷಿ? ಹೋಗಲಿ, ಅದರದೇ ಎಂದುಕೊಳ್ಳೋಣ. ಟೂ ಸ್ಟ್ರೋಕ್ ಎಂಜಿನ್ನಿನ ಆಯುಸ್ಸು ಇರುವುದು ಒಳಗಡೆ. ಬ್ಲಾಕ್ ಸವೆದಾಗ ಬೋರ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕುತ್ತಾರೆ. ಹೀಗೆ ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ಎಂದು ಹಿಗ್ಗಿಸುತ್ತ ಹೋದರೆ ಒಂದು ದಿನ ಹಿಗ್ಗಿಸಲು ಜಾಗವೇ ಉಳಿಯುವುದಿಲ್ಲ. ಹೊಸ ಲೈನರ್ ಕೂರಿಸಬೇಕು. ನೀವು ಕೊಳ್ಳುವ ಎಂಜಿನ್ ಈ ಏಣಿಯ ಎಷ್ಟನೆಯ ಮೆಟ್ಟಿಲಲ್ಲಿದೆ ಎಂಬುದು ಹೆಡ್ ಬಿಚ್ಚಿ ಅಳೆಯುವ ತನಕ ಗೊತ್ತಾಗದು. ಕ್ರ್ಯಾಂಕ್ ಬೇರಿಂಗಿನ ಕತೆಯೂ ಇದೇ. ಕನೆಕ್ಟಿಂಗ್ ರಾಡನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಕಟಕ್ ಎಂದರೆ ಮುಗಿಯಿತು. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್ ಹೋಗಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲು ಕಡಿಮೆ, ಗಾಳಿ ಹೆಚ್ಚಾಗಿ ಪಿಸ್ಟನ್ ಕಾದು, ಒಂದು ದಿನ ದಾರಿಯಲ್ಲೇ ಕಚ್ಚಿಕೊಳ್ಳುತ್ತದೆ. ಓಡುವಾಗ ಎಂಜಿನ್ ಕಚ್ಚಿಕೊಂಡರೆ ಹಿಂದಿನ ಚಕ್ರವೂ ತಟ್ಟನೆ ನಿಲ್ಲುತ್ತದೆ. ಲಾರಿ, ಬಸ್ಸು ಎಡೆಬಿಡದೆ ಓಡುವ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಹಾಗಾದರೆ ಏನು ಗತಿ?

ವಿಡಿಯೊ ನೋಡಿ ಮುಗಿಸಿದ ಭಾವ ಮಗನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಎತ್ತಾದ್ರೆ ಹಲ್ಲು ನೋಡ್ತೀವಿ. ಇದರ ಹಲ್ಲು ಎಲ್ಲೈತೆ ಕೇಳು ಮತ್ತೆ.’

ಭಾವನಿಗೆ ಯಂತ್ರದ ಜ್ಞಾನ ಅಷ್ಟಕ್ಕಷ್ಟೆ. ಆದರೂ ಪ್ರಶ್ನೆ ಸರಿಯಾಗಿತ್ತು. ಎಂಜಿನ್ನಿಗೂ ಹಲ್ಲಿನಂಥದೊಂದಿದೆ, ಅದೇ ಕ್ರ್ಯಾಂಕ್ ಕೇಸಿನ ಮೇಲೆ ಕೊರೆದಿರುವ ಎಂಜಿನ್ ನಂಬರು. ಟಯರು, ಚೈನು, ಕನ್ನಡಿ ಎಲ್ಲ ಬಿಡಿಭಾಗಗಳೇ. ಎಲ್ಲಿಂದ ತಂದು ಹಾಕಿದಿರಿ ಎಂದು ಯಾರೂ ಕೇಳುವುದಿಲ್ಲ. ಎಂಜಿನ್ ಹಾಗಲ್ಲ. ಆರ್.ಸಿ. ಪುಸ್ತಕದಲ್ಲಿ ಚಾಸಿ ನಂಬರಿನ ಜೊತೆಗೆ ಎಂಜಿನ್ ನಂಬರೂ ಇರುತ್ತದೆ, ಅದರೆದುರು ಯಾರೋ ಒಬ್ಬ ಮಾಲೀಕನ ಹೆಸರೂ ಇರುತ್ತದೆ. ಆ ಮಾಲೀಕ ಎಂಜಿನ್ನನ್ನು ಮಾರಿದನೋ, ಅಥವಾ ಮದುವೆ ಛತ್ರದ ಮುಂದೆ ಗಾಡಿ ನಿಲ್ಲಿಸಿ ಊಟ ಮಾಡಿ ಬರುವಷ್ಟರಲ್ಲಿ ಗಾಡಿಯನ್ನೇ ಕಳೆದುಕೊಂಡನೋ? ಆರ್‌ಎಕ್ಸ್ 100 ಮೇಲೆ ಹುಡುಗರಿಗಿರುವಷ್ಟೇ ಪ್ರೀತಿ ಕಳ್ಳರಿಗೂ ಇದೆ. ಕದ್ದ ಗಾಡಿಯನ್ನು ಇಡಿಯಾಗಿ ಮಾರುವುದು ಕಷ್ಟ, ಬಿಚ್ಚಿ ಮಾರುವುದು ಸುಲಭ. ನಂಬರನ್ನು ಗ್ರೈಂಡ್ ಮಾಡಿ ಉಜ್ಜಿ ಬೇರೆ ನಂಬರು ಕೊರೆಯುವುದೂ ಉಂಟು. ಎರಕದ ಲೋಹದ ಮೈ ಸಹಜವಾಗಿ ತರಿತರಿಯಾಗಿರುತ್ತದೆ. ನಂಬರಿನ ಜಾಗ ಮಾತ್ರ ನುಣುಪಾಗಿದ್ದರೆ, ಅಂಕಿಗಳು ಏರುಪೇರಾಗಿದ್ದರೆ, ಆ ಎಂಜಿನ್ನಿನ ಹತ್ತಿರ ಸುಳಿಯಬಾರದು.

ಕದ್ದ ಮಾಲೆಂದು ತಿಳಿದು ಇಟ್ಟುಕೊಂಡರೆ, ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಇಟ್ಟುಕೊಂಡರೆ, ಮೂರು ವರ್ಷದವರೆಗೆ ಶಿಕ್ಷೆಯಿದೆ. ಮೊದಲು ಇಂಡಿಯನ್ ಪೀನಲ್ ಕೋಡಿನ 411ನೇ ಕಲಮಿನಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿದೆ. ಮಾರುಕಟ್ಟೆಯ ಅರ್ಧ ಬೆಲೆಗೆ, ರಸೀದಿ ಇಲ್ಲದೆ, ನಂಬರು ಉಜ್ಜಿದ ಎಂಜಿನ್ ಕೊಂಡವನು ‘ನನಗೆ ಅನುಮಾನವೇ ಬರಲಿಲ್ಲ’ ಎಂದರೆ ಪೊಲೀಸರು ನಂಬುವರೇ? ಕೆಲಸಕ್ಕೋ ಪಾಸ್‌ಪೋರ್ಟಿಗೋ ಪೊಲೀಸ್ ವರದಿ ಬೇಕಾಗುವ ವಯಸ್ಸಿನ ಹುಡುಗನಿಗೆ ಇದು ಸಣ್ಣ ಸಂಗತಿಯಲ್ಲ.

ಎಂಜಿನ್ ಸಾಚಾ ಆಗಿದ್ದರೂ ಕೆಲಸ ಮುಗಿಯುವುದಿಲ್ಲ. ಆರ್.ಸಿ.ಯಲ್ಲಿರುವ ವಿವರಕ್ಕೂ ಗಾಡಿಗೂ ಹೊಂದಿಕೆ ತಪ್ಪಬಾರದೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ನೋಂದಣಿಯಾಗಿ ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಆಗ ಹಾಸನದ ಆರ್.ಟಿ.ಒ. ಕಚೇರಿಯಲ್ಲಿ ನಂಬರು ತಾಳೆ ನೋಡಿದರೆ ಗುಟ್ಟು ಹೊರಬೀಳುತ್ತದೆ. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲೂ ಅಷ್ಟು ಸಾಕು. ಬೇರೆ ಎಂಜಿನ್ ಕೂರಿಸಲೇಬೇಕೆಂದಿದ್ದರೆ ಮೊದಲು ಆ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಪಡೆದು, ಆರ್.ಸಿ.ಯಲ್ಲಿ ನಮೂದು ಮಾಡಿಸಿಕೊಳ್ಳಬೇಕು. ಅದಕ್ಕೆ ಮಾರಿದವನ ರಸೀದಿ ಬೇಕು, ಎಂಜಿನ್ ಯಾವ ಗಾಡಿಯದೋ ಅದರ ಆರ್.ಸಿ.ಯ ಪ್ರತಿ ಬೇಕು. ಗಾಡಿ ಗುಜರಿಗೆ ಹೋಗಿದ್ದರೆ ನೋಂದಣಿ ರದ್ದಾದ ಕಾಗದ ಬೇಕು. ‘ಪೇಪರ್ ಯಾವುದೂ ಇಲ್ಲ ಬ್ರದರ್, ಅದಕ್ಕೇ ಈ ರೇಟು’ ಎಂಬ ಉತ್ತರ ಬಂದರೆ ಅಲ್ಲಿಗೇ ಫೋನು ಇಡುವುದು ಕ್ಷೇಮ.

ನಮ್ಮ ಹುಡುಗನಿಗೂ ಬಂದದ್ದು ಹೆಚ್ಚೂಕಡಿಮೆ ಅದೇ ಉತ್ತರ. ನಂಬರಿನ ಫೋಟೊ ಕೇಳಿದರೆ ಅರ್ಧ ನಂಬರಿನ ಮೇಲೆ ಹೆಬ್ಬೆರಳಿಟ್ಟು ತೆಗೆದ ಫೋಟೊ ಬಂತು. ಮಾರುವವನು ತಾನು ಮಿಲಿಟರಿಯವನೆಂದೂ, ವರ್ಗವಾಗಿದೆ, ಅದಕ್ಕೇ ಕಡಿಮೆಗೆ ಕೊಡುತ್ತಿದ್ದೇನೆಂದೂ ಹೇಳಿದ. ಸೈನಿಕರ ಹೆಸರು ಹೇಳಿ ನಂಬಿಸುವ ಈ ಉಪಾಯ ದೇಶದ ತುಂಬ ನಡೆದಿದೆ. ಆಮೇಲೆ ತಿಳಿಯಿತು, ನನ್ನ ಬಳಿ ಬರುವ ಮೊದಲೇ ಹುಡುಗ ಎರಡು ಸಾವಿರ ಅಡ್ವಾನ್ಸ್ ಕಳಿಸಿದ್ದ. ಬೇಡ, ವಾಪಸು ಕೊಡಿ ಎಂದಾಗ ಆ ಮಹಾಶಯ ಒಂದು ಕ್ಯೂಆರ್ ಕೋಡ್ ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತು, ಹಣ ನಿನ್ನ ಖಾತೆಗೆ ಬರುತ್ತದೆ ಎಂದ. ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹೋಗುವುದು ನಮ್ಮ ಹಣವೇ. ಅಷ್ಟು ಮಾತ್ರ ಹುಡುಗನಿಗೆ ಗೊತ್ತಿದ್ದದ್ದು ಪುಣ್ಯ.

ಆದರೆ ಆ ಎರಡು ಸಾವಿರದ ವಿಷಯವನ್ನು ಅವನು ಮನೆಯಲ್ಲಿ ಹೇಳಿದ್ದು ಒಂಬತ್ತು ದಿನ ಕಳೆದ ಮೇಲೆ. ಅಪ್ಪನ ಭಯ. ಸೈಬರ್ ವಂಚನೆಗೆಂದೇ 1930 ಎಂಬ ಸಹಾಯವಾಣಿ ಇದೆ. ಹಣ ಹೋದ ಗಂಟೆ ಎರಡು ಗಂಟೆಯೊಳಗೆ ಕರೆ ಮಾಡಿದರೆ ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆಯುಂಟು. ಒಂಬತ್ತು ದಿನದ ಮೇಲೆ ದೂರು ದಾಖಲಾಯಿತು, ಹಣ ಬರಲಿಲ್ಲ. ಭಾವ ಬೈಯುತ್ತಾರೆಂದು ನಾನೂ ಕಾದೆ. ಅವರು ಮಗನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ‘ಒಂಬತ್ತು ದಿನ ಊಟ ಹೆಂಗೆ ಸೇರ್ತೋ ನಿಂಗೆ?’ ಎಂದರು, ಅಷ್ಟೆ.

ಹಳೆಯ ಎಂಜಿನ್ ಕೊಳ್ಳಲೇಬಾರದೆಂದು ನಾನು ಹೇಳುತ್ತಿಲ್ಲ. ಮೊಬೈಲಿನಲ್ಲಿ ಹುಡುಕಿ, ತಪ್ಪಿಲ್ಲ; ಕೊಳ್ಳುವುದು ಮಾತ್ರ ಎದುರಿಗೇ ಆಗಲಿ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋದರೂ ಜೊತೆಗೆ ಒಬ್ಬ ಮೆಕ್ಯಾನಿಕ್ ಇರಬೇಕು, ರಸೀದಿ ಕೇಳಲು ಸಂಕೋಚ ಇರಬಾರದು.

ಭಾವ ಒಂದು ದಿನ ತಾವೇ ತಾತನ ಯೆಜ್ಡಿಯ ಎಂಜಿನ್ ಇಳಿಸಿ, ಗೋಣಿಚೀಲದಲ್ಲಿ ಸುತ್ತಿ, ಮಗನೊಂದಿಗೆ ಮೈಸೂರಿಗೆ ಒಯ್ದರು. ಆ ಗಾಡಿಗಳ ಕೆಲಸ ಬಲ್ಲ ಹಳೆಯ ಮೇಸ್ತ್ರಿಗಳು ಅಲ್ಲಿ ಇನ್ನೂ ಇದ್ದಾರೆ. ಬಿಚ್ಚಿ ನೋಡಿದ ಮೇಸ್ತ್ರಿ, ಬ್ಲಾಕಿನಲ್ಲಿ ಇನ್ನೂ ಒಂದು ಬೋರಿಗೆ ಜಾಗವಿದೆ, ಕ್ರ್ಯಾಂಕ್ ಮಾತ್ರ ಪೂರ್ತಿ ಮಾಡಿಸಬೇಕು ಎಂದರಂತೆ. ಕೇಸಿನ ಮೇಲಿನ ಜಿಡ್ಡು ಒರೆಸಿದಾಗ ನಂಬರು ಕಂಡಿತು. ಹುಡುಗ ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ತಾತನ ಆರ್.ಸಿ. ಪುಸ್ತಕದ ಜೊತೆ ತಾಳೆ ನೋಡಿದ್ದಾನೆ. ಸರಿಯಿದೆ. ಪುಸ್ತಕ ಇನ್ನೂ ತಾತನ ಹೆಸರಿನಲ್ಲೇ ಇರುವುದರಿಂದ ಅದನ್ನು ವರ್ಗ ಮಾಡಿಸುವ ಓಡಾಟ ಬೇರೆ ಇದೆ. ಖರ್ಚು ಎಷ್ಟಾಗುತ್ತದೆಂದು ಮೇಸ್ತ್ರಿ ಇನ್ನೂ ಹೇಳಿಲ್ಲ.