ಯೂರಿಯಾ ಚೀಲವೂ ಗಾಜಿನ ಕುಪ್ಪಿಯೂ

ಮಾರ್ಚ್ ತಿಂಗಳ ಬಿಸಿಲು. ಬಬಲೇಶ್ವರದ ಆಚೆಗಿನ ಒಂದು ತೋಟದಲ್ಲಿ ಒಣದ್ರಾಕ್ಷಿಯ ಕೆಲಸ ಭರದಿಂದ ನಡೆದಿತ್ತು. ಕೊಯ್ದು ತಂದ ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಬೇಕು. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಡಿಪ್ಪಿಂಗ್ ಆಯಿಲ್. ಈ ಲೆಕ್ಕ ಅಪ್ಪನಿಗೆ ಬಾಯಿಪಾಠ. ಧಾರವಾಡದಿಂದ ರಜೆಗೆ ಬಂದಿದ್ದ ಮಗ ಪುಡಿಯ ಚೀಲದ ಮೇಲಿನ ಅಕ್ಷರ ಓದಿ ನಕ್ಕ.

“ಯಪ್ಪಾ, ಈ ಪುಡಿ ನಮ್ಮ ಲ್ಯಾಬಿನ್ಯಾಗೂ ಐತಿ.”

“ಅಲ್ಲೂ ದ್ರಾಕ್ಷಿ ಒಣಗಸ್ತೀರೇನು?” ಎಂದ ಅಪ್ಪ, ಸ್ವಲ್ಪ ಹೊತ್ತು ಬಿಟ್ಟು ಕೇಳಿದ: “ನಾಕ್ ವರ್ಷ ಆತು ತಮ್ಮಾ. ಔಷಧ ಮಾಡ್ತೀನಂತ ಹೋದಿ. ಎಷ್ಟು ಔಷಧ ಆದ್ವು?”

ಮನೆಯಲ್ಲಿ ಬಹಳ ದಿನಗಳಿಂದ ಕೂತಿದ್ದ ಪ್ರಶ್ನೆ ಅದು. ಜೊತೆಗೆ ಓದಿದ ಹುಡುಗರು ಬೆಂಗಳೂರಿನಲ್ಲಿ ಸಂಬಳ ಎಣಿಸುತ್ತಿದ್ದಾರೆ. ಇವನು ಇನ್ನೂ ಪಿಎಚ್.ಡಿ. ವಿದ್ಯಾರ್ಥಿ.

“ಒಂದೂ ಆಗಿಲ್ಲ” ಎಂದ ಮಗ. ಮೂಲೆಯಲ್ಲಿದ್ದ ಯೂರಿಯಾ ಚೀಲವನ್ನು ತೋರಿಸಿ ತನ್ನ ಕಥೆ ಶುರುಮಾಡಿದ.

ಯೂರಿಯಾ ಮೊದಲು ಗೊತ್ತಾದದ್ದು ಗೊಬ್ಬರವಾಗಿ ಅಲ್ಲ, ಮೂತ್ರದಲ್ಲಿರುವ ವಸ್ತುವಾಗಿ. ಇಂಥವನ್ನು ಜೀವಿಗಳ ದೇಹವಷ್ಟೇ ತಯಾರಿಸಬಲ್ಲದು, ಅದಕ್ಕೊಂದು ಜೀವಶಕ್ತಿ ಬೇಕು ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅಮೋನಿಯಂ ಸಯನೇಟಿನಿಂದ ಅದೇ ಯೂರಿಯಾವನ್ನು ಪ್ರಯೋಗಶಾಲೆಯಲ್ಲಿ ಪಡೆದ. ನಂಬಿಕೆ ಒಂದೇ ದಿನಕ್ಕೆ ಬೀಳಲಿಲ್ಲ, ಬಿರುಕಂತೂ ಬಿಟ್ಟಿತು. ಇಂಗಾಲದ ಸಂಯುಕ್ತಗಳನ್ನು ಮನುಷ್ಯ ಕೈಯಾರೆ ಕಟ್ಟತೊಡಗಿದ. 1897ರಲ್ಲಿ ಬೇಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ತಯಾರಿಸಿದ ಆಸ್ಪಿರಿನ್ ಇಂದಿಗೂ ಎಲ್ಲ ಔಷಧ ಅಂಗಡಿಗಳಲ್ಲಿದೆ.

ಮಗನ ಕೆಲಸವೂ ಯೂರಿಯಾದಿಂದಲೇ ಆರಂಭ. ಇಟಲಿಯ ಪಿಯೆತ್ರೊ ಬಿಜಿನೆಲ್ಲಿ 1890ರ ದಶಕದಲ್ಲಿ ತೋರಿಸಿಕೊಟ್ಟ ದಾರಿ ಅದು. ಯೂರಿಯಾ, ಒಂದು ಅಲ್ಡಿಹೈಡ್, ಈಥೈಲ್ ಅಸಿಟೋಅಸಿಟೇಟ್ ಈ ಮೂರನ್ನೂ ಒಂದೇ ಕುಪ್ಪಿಯಲ್ಲಿ ತುಸು ಆಮ್ಲದೊಡನೆ ಕಾಯಿಸಿದರೆ ನಾಲ್ಕು ಇಂಗಾಲ, ಎರಡು ಸಾರಜನಕಗಳ ಉಂಗುರವೊಂದು ಕೂಡಿಕೊಳ್ಳುತ್ತದೆ. ನಮ್ಮ ಡಿಎನ್ಎಯ ಎರಡು ಅಕ್ಷರಗಳಲ್ಲಿರುವುದು ಇದರ ಸಂಬಂಧಿ ಉಂಗುರ. ಅಲ್ಡಿಹೈಡ್ ಬದಲಿಸಿದಂತೆ ಹೊಸ ಸಂಯುಕ್ತ. ಯೂರಿಯಾದ ಬದಲು ಥಯೋಯೂರಿಯಾ ಹಾಕಿ ಪಡೆಯುವ ಮೊನಾಸ್ಟ್ರಾಲ್ ಎಂಬ ಅಣು ಜೀವಕೋಶದ ವಿಭಜನೆಯನ್ನು ಅರ್ಧಕ್ಕೇ ನಿಲ್ಲಿಸುತ್ತದೆಂದು 1999ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡುಕೊಂಡರು. ಅದು ಔಷಧವಾಗಲಿಲ್ಲ. ಆದರೆ ಕೋಶ ಹೇಗೆ ಇಬ್ಭಾಗವಾಗುತ್ತದೆಂದು ತಿಳಿಯಲು ಒಳ್ಳೆಯ ಸಾಧನವಾಯಿತು.

ಕುದಿಸುವುದು ಸುಲಭ, ಶುದ್ಧ ಮಾಡುವುದೇ ಕಷ್ಟ. ಕುಪ್ಪಿಯಲ್ಲಿ ಬೇಕಾದದ್ದರ ಜೊತೆಗೆ ಬೇಡವಾದದ್ದೂ ಇರುತ್ತದೆ. ಆಲ್ಕೋಹಾಲಿನಲ್ಲಿ ಕರಗಿಸಿ ಹರಳುಗಟ್ಟಿಸಬೇಕು, ಕರಗುವ ಉಷ್ಣತೆ ನೋಡಬೇಕು, ಎನ್.ಎಂ.ಆರ್. ಯಂತ್ರದಿಂದ ಅಣುವಿನ ರಚನೆಯನ್ನು ಖಚಿತಮಾಡಿಕೊಳ್ಳಬೇಕು. ಅನಂತರ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ಪರೀಕ್ಷೆ. ಸಂಯುಕ್ತ ಇಟ್ಟ ಜಾಗದ ಸುತ್ತ ಏನೂ ಬೆಳೆಯದ ಬಯಲು ಕಂಡರೆ ಆಸೆ ಚಿಗುರುತ್ತದೆ.

ಇವನ ಇಪ್ಪತ್ತೆರಡು ಸಂಯುಕ್ತಗಳಲ್ಲಿ ಒಂದಕ್ಕೆ ಅಂಥ ದೊಡ್ಡ ಬಯಲು ಕಂಡಿತ್ತು. ಆ ರಾತ್ರಿ ನಿದ್ದೆ ಬಂದಿರಲಿಲ್ಲ. ಇನ್ನಷ್ಟು ಶುದ್ಧ ಮಾಡಿ ಮೂರು ಸಲ ನೋಡಿದ, ಬಯಲು ಮಾಯ. ಬ್ಯಾಕ್ಟೀರಿಯಾ ಕೊಂದದ್ದು ಅವನ ಸಂಯುಕ್ತವಲ್ಲ, ಅದರಲ್ಲಿ ಉಳಿದುಕೊಂಡಿದ್ದ ಅಲ್ಡಿಹೈಡ್. ಮೊದಲ ತಟ್ಟೆಯ ಚಿತ್ರವನ್ನಷ್ಟೇ ಪ್ರಬಂಧಕ್ಕೆ ಹಾಕಿದರೆ ಕೇಳುವವರು ಯಾರು? ಆ ಯೋಚನೆಯನ್ನು ಹೊತ್ತುಕೊಂಡೇ ಅವನು ಊರಿಗೆ ಬಂದಿದ್ದ.

ಅಪ್ಪ ಗೊಂಚಲು ಅದ್ದುವುದನ್ನು ನಿಲ್ಲಿಸಲಿಲ್ಲ. “ಡಾಗ್ ಇದ್ದ ಹಣ್ಣು ಬಾಕ್ಸಿನ ತಳಕ್ಕ ಹಾಕಿದ್ರ ಒಂದ್ ವರ್ಷ ರೊಕ್ಕ ಬರತೈತಿ. ಮುಂದಿನ ವರ್ಷ ವ್ಯಾಪಾರಿ ನಮ್ಮ ಬಾಕ್ಸ್ ಮುಟ್ಟೂದಿಲ್ಲ. ಇದು ಔಷಧದ ಮಾತು. ಅದನ್ನ ನುಂಗಾಂವ ಒಬ್ಬ ಇರ್ತಾನಲ್ಲ?”

ಮಗನಿಗೆ ಬೆಂಗಳೂರಿನ ಒಂದು ಸಂಗತಿ ನೆನಪಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಮತ್ತು ಸಂಗಡಿಗರು 2012ರಲ್ಲಿ ಎಸ್‌ಸಿಆರ್7 ಎಂಬ ಅಣುವನ್ನು ಪ್ರಕಟಿಸಿದರು. ತುಂಡಾದ ಡಿಎನ್ಎ ಮತ್ತೆ ಬೆಸೆಯದಂತೆ ತಡೆದು, ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆಯ ಬೆಳವಣಿಗೆಯನ್ನು ಅದು ತಗ್ಗಿಸಿತ್ತು. ಜಗತ್ತಿನ ಅನೇಕ ಪ್ರಯೋಗಶಾಲೆಗಳು ಅದನ್ನು ತರಿಸಿಕೊಂಡವು. 2016ರಲ್ಲಿ ಅಮೆರಿಕದ ತಂಡವೊಂದು ಅಣುವಿನ ರಚನೆಯನ್ನೂ ಸಾಮರ್ಥ್ಯವನ್ನೂ ಪ್ರಶ್ನಿಸಿತು. ಬೆಂಗಳೂರಿನವರು ಸುಮ್ಮನೆ ಕೂರಲಿಲ್ಲ; ಮತ್ತೆ ಕೆಲಸಕ್ಕಿಳಿದು, ಆ ಅಣು ತನ್ನಷ್ಟಕ್ಕೆ ಉಂಗುರವಾಗಿ ಮುಚ್ಚಿಕೊಂಡು ತಾಳುವ ಬೇರೆ ರೂಪಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಪ್ರಶ್ನೆಗೆ ಉತ್ತರ ಕುಪ್ಪಿಯಲ್ಲೇ ಹುಡುಕಬೇಕು.

ಬರೆದಿಟ್ಟದ್ದು ವ್ಯರ್ಥವೂ ಆಗುವುದಿಲ್ಲ. ಪಾಲ್ ಎರ್ಲಿಶ್ ಅವರ ಪ್ರಯೋಗಶಾಲೆಯಲ್ಲಿ 1907ರಲ್ಲಿ ತಯಾರಾದ 606ನೇ ಸಂಯುಕ್ತವನ್ನು ಕೆಲಸಕ್ಕೆ ಬಾರದ್ದೆಂದು ಬದಿಗಿಟ್ಟಿದ್ದರು. 1909ರಲ್ಲಿ ಜಪಾನಿನಿಂದ ಬಂದ ಸಹಾಚಿರೊ ಹಾಟಾ ಹಳೆಯ ಸಂಯುಕ್ತಗಳನ್ನು ಮತ್ತೆ ಪರೀಕ್ಷಿಸಿದಾಗ ಅದೇ 606 ಸಿಫಿಲಿಸ್ ರೋಗಕ್ಕೆ ಮದ್ದಾಯಿತು. ಶೀಶೆಯೂ ಅದರ ದಾಖಲೆಯೂ ಇದ್ದದ್ದರಿಂದ ಅದು ಸಾಧ್ಯವಾಯಿತು.

ಹತ್ತು ದಿನ ಕಳೆದು ಮಗ ಧಾರವಾಡಕ್ಕೆ ಹೊರಟ. ಅವ್ವ ಚೀಲದಲ್ಲಿ ಒಣದ್ರಾಕ್ಷಿ ಕಟ್ಟಿಕೊಟ್ಟಳು. ಲ್ಯಾಬಿನ ನೋಟ್‌ಬುಕ್ಕಿನಲ್ಲಿ ಅವನು ನಾಲ್ಕೂ ತಟ್ಟೆಗಳ ಅಳತೆ ಬರೆದ. ಮೊದಲನೆಯದು ತಪ್ಪಿದ್ದೇಕೆಂಬುದನ್ನೂ ಬರೆದ. ಪ್ರಬಂಧ ಮುಗಿಯಲು ಇನ್ನೊಂದು ವರ್ಷ ಹೆಚ್ಚು ಬೇಕಾಗಬಹುದು.

ಆ ವಾರ ಫೋನ್ ಮಾಡಿದಾಗ, ಎಷ್ಟು ಔಷಧ ಆದವು ಎಂದು ಅಪ್ಪ ಕೇಳಲಿಲ್ಲ.

“ಹೊಸಾದು ಹಚ್ಚೀಯೇನು? ಚೊಲೋತ್ನ್ಯಾಗ ಶುದ್ಧ ಮಾಡು” ಎಂದಷ್ಟೇ ಹೇಳಿದ.