ಕೆಂಡದ ಹದ

ಬಾಡು ಸುಡುವುದೇನು ಮಹಾವಿದ್ಯೆ ಎನ್ನುವವರುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನಿಗೆ ಹಾಗನ್ನಿಸಲಿಲ್ಲ. ಹನ್ನೆರಡನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮಾಂಸವನ್ನು ಸಲಾಕಿಗೆ ಚುಚ್ಚಿ ಕೆಂಡದಲ್ಲಿ ಸುಡುವ ಬಗೆಯನ್ನೂ ಹೇಳಿದ್ದಾನೆ. ನಮ್ಮ ಹಿತ್ತಿಲಿನ ಅಗ್ಗಿಷ್ಟಿಕೆಗೆ ಅಂಥ ರಾಜಭೋಗವಿಲ್ಲ. ಎಂಬತ್ತು ದಾಟಿದ, ನಾಲ್ಕೇ ಹಲ್ಲುಳಿದ ನಮ್ಮ ತಂದೆಯವರು ಕುರಿಯ ಚಾಪ್ಸನ್ನು ಅಗಿಯಬಲ್ಲರೇ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ಉರಿಯಲ್ಲೇ ಸುಟ್ಟರೆ ಹೊರಗೆ ಮಸಿ, ಒಳಗೆ ಹಸಿ. ಇದ್ದಿಲಿನ ಮೇಲೆ ಬೂದಿ ಕವಿಯುವವರೆಗೆ ಕಾಯಬೇಕು. ಹೊರಮೈ ಕೆಂಪಾದರೆ ರಸ ಒಳಗೇ ನಿಲ್ಲುತ್ತದೆಂಬುದು ಜರ್ಮನಿಯ ಲೀಬಿಗ್ 1847ರಲ್ಲಿ ಹುಟ್ಟುಹಾಕಿದ ನಂಬಿಕೆ, ನಿಜವಲ್ಲ. ಕೆಂಪು ತರುವುದು ರುಚಿಯನ್ನು. ರಸ ಉಳಿಯುವುದು ಅತಿಯಾಗಿ ಬೇಯಿಸದಿದ್ದರೆ ಮಾತ್ರ. ಇಳಿಸಿದ ಮೇಲೂ ಐದು ನಿಮಿಷ ಕೊಯ್ಯದೆ ಬಿಡಬೇಕು. ಆ ಐದು ನಿಮಿಷ ತಂದೆಯವರನ್ನು ತಡೆಯುವುದೇ ಕಷ್ಟ. ತಟ್ಟೆ ಹಿಡಿದೇ ಕೂತಿರುತ್ತಾರೆ.