ಬಲದಿಂದ ಎಡಕ್ಕೆ

ನಿನ್ನೆ ಸಾಯಂಕಾಲ ಬಳಿಚಕ್ರ ಗ್ರಾಮದ ಕಟ್ಟೆಯ ಮೇಲೆ ಕುಳಿತು ಅನಂತಮೂರ್ತಿಯವರ ‘ಸೂರ್ಯನ ಕುದುರೆ’ ಕತೆಯನ್ನು ಮತ್ತೊಮ್ಮೆ ಓದುತ್ತಿರಲು, ಎಣ್ಣೆಯೊತ್ತುವುದರಲ್ಲೇ ಧನ್ಯತೆಯನ್ನು ಕಾಣುವ ಹಡೆ ವೆಂಕಟನನ್ನೂ, ಅವನೊಡನೆ ಮುನಿದು ನಿಂತ ಮಗನನ್ನೂ ಮಲೆನಾಡಿನಿಂದ ಈ ಬಯಲುಸೀಮೆಗೆ ಕರೆತರಲು ಮನಸ್ಸು ಹವಣಿಸಿತು. ಇಲ್ಲಿಯ ತಲೆಮಾರುಗಳ ನಡುವಣ ಬಿರುಕಿನಲ್ಲಿ ಭಾಷೆಯ ಗಾಯವೂ ಸೇರಿದೆ: 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಗೊಳಪಟ್ಟಿದ್ದ ಈ ಪ್ರಾಂತದಲ್ಲಿ ಶಾಲೆಯ ವ್ಯಾಸಂಗವೂ ಕಚೇರಿಯ ವ್ಯವಹಾರವೂ ಬಹುಮಟ್ಟಿಗೆ ಉರ್ದುವಿನಲ್ಲೇ ನಡೆದುದರಿಂದ, ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದ ಎಷ್ಟೋ ಹಿರಿಯರ ಸಹಿ ಬಲದಿಂದ ಎಡಕ್ಕೆ ಹರಿಯುತ್ತಿತ್ತು. ತಮ್ಮ ತಂದೆಯ ಅಂಥದೊಂದು ಸಹಿಯುಳ್ಳ ಹೊಲದ ಕಾಗದವನ್ನು ಅಂಗೈಯಿಂದ ಸವರುತ್ತ ಕುಳಿತಿದ್ದ ವೃದ್ಧರೊಬ್ಬರಿಗೆ, ಬೆಂಗಳೂರಿನ ಕಟ್ಟಡಗೆಲಸದಿಂದ ಹಬ್ಬಕ್ಕೆಂದು ಬಂದ ಮೊಮ್ಮಗನು ಮೊಬೈಲಿನಿಂದ ಕಣ್ಣೆತ್ತದೆ, “ಮಾರಿಬಿಡು ಮುತ್ಯಾ, ಹೊಲದಾಗ ಏನದ?” ಎಂದನು; ಮುತ್ಯಾ ಮಾತಾಡದೆ ಕಾಗದವನ್ನು ನಾಲ್ಕಾಗಿ ಮಡಿಸಿ ರುಮಾಲಿನ ಸುತ್ತಿನೊಳಗೆ ಸಿಕ್ಕಿಸಿಕೊಂಡರು. ಇಬ್ಬರ ನಿಲುವಿನಲ್ಲಿಯೂ ಸತ್ಯವುಂಟು. ಆ ಹೊಲ ಹೊಟ್ಟೆ ತುಂಬಿಸದು, ಆ ಸಹಿಗೆ ಬೆಲೆ ಕಟ್ಟಲಾಗದು. ಶಾಂತರಸರೂ ಗೀತಾ ನಾಗಭೂಷಣರೂ ನಮ್ಮ ಸೀಮೆಯ ನುಡಿಯನ್ನು ಕತೆಗೆ ತಂದರು. ಇನ್ನು ರುಮಾಲಿನೊಳಗಿನ ಈ ಕತೆಯನ್ನು ಆ ಮೊಮ್ಮಗನ ಓರಗೆಯವರಾರಾದರೂ ಬರೆದಾರೆಂದು ನಾನು ಕಾಯುತ್ತಿದ್ದೇನೆ.